ರಕ್ತ ಒರೆಸಿದ ಕಥೆಗಳು

1984ರಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ಅಮೆರಿಕನ್ ಚಿತ್ರಕಾರರು ತಾವೇ ದುಡ್ಡು ಹೊಂದಿಸಿ ಒಂದು ಕಪ್ಪು-ಬಿಳುಪು ಕಾಮಿಕ್ ಪುಸ್ತಕ ಅಚ್ಚು ಹಾಕಿಸಿದರು. ನಾಲ್ಕು ನಿಂಜಾ ಆಮೆಗಳು ಗುರುವಿನ ಹಳೆಯ ಸೇಡು ತೀರಿಸಲು ಹೊರಡುವ ಕಥೆ ಅದು. ಖಳನಾಯಕ ಶ್ರೆಡರ್ ಮೊದಲ ಸಂಚಿಕೆಯಲ್ಲೇ ಸಾಯುತ್ತಾನೆ. 1987ರ ಡಿಸೆಂಬರಿನಲ್ಲಿ ಅವೇ ಆಮೆಗಳು ಟಿವಿಗೆ ಬಂದಾಗ ಪಿಜ್ಜಾ ಮೆಲ್ಲುತ್ತಾ ಹಾಸ್ಯ ಮಾಡತೊಡಗಿದ್ದವು. ಶ್ರೆಡರ್ ಸಾಯಲಿಲ್ಲ, ಪ್ರತಿ ಸಲವೂ ಸೋತು ಓಡಿದ. ಅವನ ಸೈನಿಕರನ್ನು ರೋಬಾಟ್‌ಗಳನ್ನಾಗಿ ಮಾಡಲಾಗಿತ್ತು. ಕತ್ತಿ ಬೀಸಿದರೆ ಚೆಲ್ಲುವುದು ತಂತಿ, ತಿರುಪು ಮಾತ್ರ. ಬ್ರಿಟನ್ನಿಗೆ ಅಷ್ಟೂ ಸಾಲಲಿಲ್ಲ. ಅಲ್ಲಿ ಹೆಸರಿನಿಂದ ‘ನಿಂಜಾ’ ಹೋಗಿ ‘ಹೀರೋ’ ಬಂತು, ಮೈಕೆಲ್ಯಾಂಜೆಲೋನ ಆಯುಧವಾದ ನಂಚಾಕು ಕಾಣುವ ದೃಶ್ಯಗಳಿಗೆ ಕತ್ತರಿ ಬಿತ್ತು.

ಈ ಎಚ್ಚರಿಕೆಗೆ ಹಿಂದಿನ ಕಥೆಯೊಂದಿದೆ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾಮಿಕ್ಸ್ ಮಕ್ಕಳನ್ನು ಅಪರಾಧದ ದಾರಿಗೆ ಎಳೆಯುತ್ತವೆ ಎಂದು ಪುಸ್ತಕ ಬರೆದರು. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು, ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುನಿಟ್ಟಿನ ಸಂಹಿತೆ ಹಾಕಿಕೊಂಡರು. ಆ ಗದ್ದಲದಲ್ಲಿ ನಿಂತುಹೋದ ಭಯಾನಕ ಪತ್ರಿಕೆಗಳಲ್ಲಿ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಮುಖ್ಯವಾದದ್ದು. ಅದರ ನಿರೂಪಕ 1993ರಲ್ಲಿ ಎಬಿಸಿ ವಾಹಿನಿಯ ಮಕ್ಕಳ ಕಾರ್ಟೂನಿನಲ್ಲಿ ನೀತಿಕಥೆ ಹೇಳುತ್ತಾ ಮರಳಿ ಬಂದ.

ನಡುವೆ ಬದಲಾದದ್ದು ವ್ಯಾಪಾರ. 1980ರ ದಶಕದಲ್ಲಿ ಅಮೆರಿಕದ ಪ್ರಸಾರ ನಿಯಮಗಳು ಸಡಿಲವಾಗಿ, ಆಟಿಕೆ ಮಾರುವುದಕ್ಕೆಂದೇ ಕಾರ್ಟೂನ್ ಮಾಡುವುದು ಸಲೀಸಾಯಿತು. ಆಮೆಗಳ ಸರಣಿಯ ಹಿಂದೆಯೂ ಪ್ಲೇಮೇಟ್ಸ್ ಎಂಬ ಆಟಿಕೆ ಕಂಪನಿ ಇತ್ತು. ಕೊಳ್ಳುವವರು ಮಕ್ಕಳು, ಪ್ರಸಿದ್ಧ ಹೆಸರುಗಳೋ ದೊಡ್ಡವರ ಕಥೆಗಳಲ್ಲಿದ್ದವು. ಹಾಗಾಗಿ ಸರ್ಕಸ್ಸಿನಂಥ ಉಪಾಯಗಳು ಹುಟ್ಟಿದವು. 1992ರ ಕಾರ್ಟೂನಿನಲ್ಲಿ ಕೋನನ್ ಎಂಬ ಯೋಧನ ಕತ್ತಿ ಮೈ ಸೀಳುವುದಿಲ್ಲ. ಅದು ತಾಗಿದ ಸರ್ಪಮಾನವರು ಬೇರೊಂದು ಲೋಕಕ್ಕೆ ಮಾಯವಾಗುತ್ತಾರೆ. 1994ರ ‘ಸ್ಪೈಡರ್-ಮ್ಯಾನ್’ನಲ್ಲಿ ಮೋರ್ಬಿಯಸ್ ಎಂಬ ರಕ್ತಪಿಪಾಸು ಕಚ್ಚುವುದೇ ಇಲ್ಲ, ಅಂಗೈಯಲ್ಲಿನ ಹೀರುಬಾಯಿಗಳಿಂದ ‘ಪ್ಲಾಸ್ಮಾ’ ಹೀರುತ್ತಾನೆ.

ವಿಡಿಯೋ ಗೇಮ್‌ಗಳ ಸರದಿ ಬಂದಾಗ ಈ ಉಪಾಯ ಬಡವಾಯಿತು. ‘ಮಾರ್ಟಲ್ ಕಾಂಬ್ಯಾಟ್’ (1992) ಹೆಸರು ಮಾಡಿದ್ದೇ ಸೋತವನ ತಲೆಯನ್ನು ಬೆನ್ನುಮೂಳೆಯ ಸಮೇತ ಕೀಳುವಂಥ ದೃಶ್ಯಗಳಿಂದ. 1993ರ ಸೆನೆಟ್ ವಿಚಾರಣೆಗೂ, ಮರುವರ್ಷದ ಗೇಮ್ ವಯೋಮಿತಿ ವ್ಯವಸ್ಥೆಗೂ ಕಾರಣವಾದ ಆಟಗಳಲ್ಲಿ ಅದೂ ಒಂದು. 1996ರಲ್ಲಿ ಅದು ಕಾರ್ಟೂನಾಯಿತು. ರಕ್ತ ತೆಗೆದ ಮೇಲೆ ಉಳಿದದ್ದು ಸಾಧಾರಣ ಹೊಡೆದಾಟ. 13 ಕಂತಿಗೆ ಮುಗಿಯಿತು.

ನನ್ನ ತಕರಾರು ರಕ್ತ ಒರೆಸಿದ್ದರ ಬಗ್ಗೆ ಅಲ್ಲ, ನೋವನ್ನೂ ಒರೆಸಿದ್ದರ ಬಗ್ಗೆ. ಗುಂಡಿನ ಬದಲು ಲೇಸರ್, ಸಾವಿನ ಬದಲು ಮಾಯ: ಏಟು ಬಿದ್ದವನಿಗೆ ಏನೂ ಆಗದ ಜಗತ್ತು ಮಗುವಿಗೆ ಸುರಕ್ಷಿತ ಎಂದು ನಾನು ಒಪ್ಪಲಾರೆ. ಬೇರೆ ದಾರಿ ಇತ್ತು ಎಂಬುದಕ್ಕೆ 1992ರ ‘ಬ್ಯಾಟ್‌ಮ್ಯಾನ್’ ಕಾರ್ಟೂನ್ ಸಾಕ್ಷಿ. ಎಮ್ಮಿ ಪ್ರಶಸ್ತಿ ಪಡೆದ ‘ರಾಬಿನ್ಸ್ ರೆಕನಿಂಗ್’ ಕಂತಿನಲ್ಲಿ ಸರ್ಕಸ್ ಉಯ್ಯಾಲೆಯ ಮೇಲೆ ತೂಗುತ್ತಾ ಚೌಕಟ್ಟಿನಾಚೆ ಹೋದ ರಾಬಿನ್‌ನ ತಂದೆತಾಯಿ ಮರಳುವುದಿಲ್ಲ, ತುಂಡಾದ ಹಗ್ಗ ಮಾತ್ರ ಮರಳುತ್ತದೆ. ಒಂದು ಹನಿ ರಕ್ತವಿಲ್ಲ, ಆದರೂ ಸಾವು ಸಾವೇ. ಈ ಇಡೀ ಪರಂಪರೆಯಲ್ಲಿ ಇದಕ್ಕಿಂತ ಗೌರವದಿಂದ ಮಕ್ಕಳನ್ನು ಕಂಡ ದೃಶ್ಯ ನನಗೆ ಗೊತ್ತಿಲ್ಲ.

ಒಟಿಟಿ ಬಂದ ಮೇಲೆ ಗಾಳಿ ತಿರುಗಿದೆ. ‘ಕ್ಯಾಸಲ್‌ವೇನಿಯಾ’ ಆಟದ ನಾಯಕ 1989ರ ಮಕ್ಕಳ ಸರಣಿ ‘ಕ್ಯಾಪ್ಟನ್ ಎನ್’ನಲ್ಲಿ ನಗೆಪಾತ್ರವಾಗಿದ್ದ; 2017ರ ನೆಟ್‌ಫ್ಲಿಕ್ಸ್ ‘ಕ್ಯಾಸಲ್‌ವೇನಿಯಾ’ ದೊಡ್ಡವರಿಗಾಗಿಯೇ ಮಾಡಿದ ರಕ್ತಸಿಕ್ತ ಅನಿಮೇಷನ್. ಆಮೆಗಳ ಕಾಮಿಕ್ ಕೂಡ 2020ರ ‘ದಿ ಲಾಸ್ಟ್ ರೋನಿನ್’ನಲ್ಲಿ ಕ್ರೌರ್ಯಕ್ಕೆ ಮರಳಿದೆ. ಒಂದೇ ಹೆಸರಿನಡಿ ಈಗ ಮಕ್ಕಳ ಕಥೆಯೂ ಇದೆ, ವಯಸ್ಕರದ್ದೂ ಇದೆ. ನಮ್ಮಲ್ಲಿ 2021ರ ನಿಯಮಗಳ ಪ್ರಕಾರ ಒಟಿಟಿಗಳು 7+, 13+, 16+ ಎಂದು ವಯೋಮಿತಿ ತೋರಿಸಬೇಕು. ಚಿತ್ರ ಬರೆದದ್ದೆಲ್ಲ ಮಕ್ಕಳದ್ದೆಂದು ನಂಬಿ ರಿಮೋಟ್ ಕೊಡುವ ಮುನ್ನ ದಯವಿಟ್ಟು ಆ ಸಂಖ್ಯೆ ನೋಡಿ. ಆಗುವುದಾದರೆ ಮೊದಲ ಕಂತನ್ನು ಮಗುವಿನ ಜೊತೆಗೇ ಕೂತು ನೋಡಿ.