ಹವ್ಯಾಸಿ ಫೆನ್ಸಿಂಗ್ (ವಯಸ್ಕರು)

ಹವ್ಯಾಸಿ ಫೆನ್ಸಿಂಗ್ ಎಂದರೆ ಪದಕ ಅಥವಾ ತಂಡದ ಆಯ್ಕೆಯ ಉದ್ದೇಶವಿಲ್ಲದೆ, ವ್ಯಾಯಾಮ ಮತ್ತು ಮನರಂಜನೆಗಾಗಿ ಆಡುವ ಕತ್ತಿವರಸೆ ಕ್ರೀಡೆ. ಫಾಯಿಲ್, ಎಪೆ ಮತ್ತು ಸೇಬರ್ ಇದರ ಮೂರು ಆಯುಧಗಳು. ಭಾರತದಲ್ಲಿ ಇದು ಮುಖ್ಯವಾಗಿ ವಿದ್ಯಾರ್ಥಿಗಳ ಕ್ರೀಡೆಯಾಗಿ ಬೆಳೆದಿರುವುದರಿಂದ, ಉದ್ಯೋಗ ಮತ್ತು ಸಂಸಾರದ ಹೊಣೆಯುಳ್ಳವರು ಹೊಸದಾಗಿ ಕಲಿಯಲು ಹೊರಟಾಗ ಸಲಕರಣೆ, ಜೊತೆಗಾರರು, ಪ್ರಯಾಣ ಮತ್ತು ಸಂಕೋಚ ಅಡ್ಡಿಯಾಗುತ್ತವೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರಿನಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಇವು ಇನ್ನಷ್ಟು ತೀವ್ರವಾಗಿರುತ್ತವೆ.

ಸಲಕರಣೆ

ಸ್ಪರ್ಧೆಗಳಲ್ಲಿ ಅಂಕವನ್ನು ವಿದ್ಯುತ್ ಯಂತ್ರ ದಾಖಲಿಸುತ್ತದೆ. ಯಂತ್ರ, ತಂತಿ ಮತ್ತು ಲೋಹದ ಎಳೆಯುಳ್ಳ ಅಂಗಿಗಳ ವೆಚ್ಚವೇ ಬಹುತೇಕರನ್ನು ಹಿಂದೆಗೆಯುವಂತೆ ಮಾಡುತ್ತದೆ. ಆದರೆ ಕಲಿಕೆಗೆ ಇವು ಅನಿವಾರ್ಯವಲ್ಲ. ಒಲಿಂಪಿಕ್ಸ್‌ನಲ್ಲಿ ವಿದ್ಯುತ್ ಯಂತ್ರವು ಎಪೆಗೆ 1936ರಲ್ಲಿ, ಫಾಯಿಲ್‌ಗೆ 1956ರಲ್ಲಿ ಬಂದಿತು. ಸೇಬರ್‌ಗೆ ಬಂದದ್ದು 1992ರಲ್ಲಿ. ಅಂದರೆ 1988ರ ಸಿಯೋಲ್ ಕ್ರೀಡಾಕೂಟದವರೆಗೂ ಸೇಬರ್ ತೀರ್ಪನ್ನು ಕಣ್ಣಿನಿಂದಲೇ ನೀಡಲಾಗುತ್ತಿತ್ತು. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಫೆನ್ಸರ್, ಚೆನ್ನೈನ ಸಿ. ಎ. ಭವಾನಿ ದೇವಿ ಅವರ ಆರಂಭಿಕ ಅಭ್ಯಾಸವೂ ಬಿದಿರಿನ ಕೋಲುಗಳಿಂದ ನಡೆದಿತ್ತು.

ರಕ್ಷಾಕವಚದಲ್ಲಿ ಮಾತ್ರ ಉಳಿತಾಯ ಸಲ್ಲದು. 1982ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಮುರಿದ ಅಲಗು ಮುಖಕವಚವನ್ನು ಭೇದಿಸಿ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಮೃತಪಟ್ಟರು. ಬಳಿಕ ಅಲಗು, ಮುಖಕವಚ ಮತ್ತು ಉಡುಪಿನ ಗುಣಮಟ್ಟದ ನಿಯಮಗಳು ಬಿಗಿಯಾದವು. ಮುಖಕವಚ, ಮೇಲಂಗಿ ಮತ್ತು ಕೈಗವಸನ್ನು ಗುಂಪಿನವರು ಸೇರಿ ಕೊಂಡು ಸರದಿಯಲ್ಲಿ ಬಳಸಬಹುದು. ಎಡಗೈಯವರಿಗೆ ಕೈಗವಸು ಬೇರೆಯೇ ಬೇಕಾಗುತ್ತದೆ.

ವಯಸ್ಸು ಮತ್ತು ದೇಹಸ್ಥಿತಿ

ವಯಸ್ಸು ಮೀರಿತೆಂಬ ಸಂಕೋಚಕ್ಕೆ ಈ ಕ್ರೀಡೆಯಲ್ಲಿ ಆಧಾರ ಕಡಿಮೆ. ಹಿರಿಯರ ವಿಶ್ವ ಸ್ಪರ್ಧೆಗಳಲ್ಲಿ 50, 60 ಮತ್ತು 70 ವರ್ಷ ದಾಟಿದವರಿಗೆ ಪ್ರತ್ಯೇಕ ವಿಭಾಗಗಳಿವೆ. ಅವರ ನಾಕೌಟ್ ಪಂದ್ಯ 15ರ ಬದಲು 10 ಅಂಕಗಳಿಗೆ ಮುಗಿಯುತ್ತದೆ. ಫಾಯಿಲ್ ಮತ್ತು ಸೇಬರ್‌ಗಳ ಗರಿಷ್ಠ ತೂಕ 500 ಗ್ರಾಂ ಮಾತ್ರ. ತೋಳಿನ ಬಲಕ್ಕಿಂತ ಕಾಲಿನ ಚಲನೆ ಮತ್ತು ಅಂತರದ ಅಂದಾಜು ಮುಖ್ಯ. ಆದ್ದರಿಂದ ಮೊದಲ ವಾರಗಳಲ್ಲಿ ಕಷ್ಟವೆನಿಸುವುದು ಕತ್ತಿಯಲ್ಲ, ಮಂಡಿ ಬಗ್ಗಿಸಿ ನಿಲ್ಲುವ ಭಂಗಿ; ಮಂಡಿನೋವಿರುವವರು ವೈದ್ಯರ ಸಲಹೆ ಪಡೆಯಬೇಕು. ಗಾಲಿಕುರ್ಚಿ ಫೆನ್ಸಿಂಗ್ 1960ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅದರಲ್ಲಿ ಕುರ್ಚಿಗಳನ್ನು ಅಲುಗಾಡದಂತೆ ಬಿಗಿದಿರುತ್ತಾರೆ.

ಸ್ಥಳ ಮತ್ತು ಸಮಯ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಆವರಣದ ವೀರಗಲ್ಲಿನಲ್ಲಿ ಯುದ್ಧದ ದೃಶ್ಯ ಕೆತ್ತಲಾಗಿದೆಯಾದರೂ ಆ ಕಾಳಗಕ್ಕೂ ಯುರೋಪಿನಿಂದ ಬಂದ ಈ ಆಟಕ್ಕೂ ನೇರ ಸಂಬಂಧವಿಲ್ಲ. ಹೆಚ್ಚು ಪ್ರಸ್ತುತವಾದುದು ಉತ್ತರ ಕರ್ನಾಟಕದ ಗರಡಿಮನೆ: ದುಡಿಯುವ ವಯಸ್ಕರು ಬಿಡುವಿನಲ್ಲಿ ತಾಲೀಮು ನಡೆಸುವ ರೂಢಿ ಅಲ್ಲಿ ಹಳೆಯದು. ಗರಡಿಯ ಸಡಿಲ ಮಣ್ಣು ಮಾತ್ರ ಫೆನ್ಸಿಂಗ್‌ಗೆ ಹೊಂದುವುದಿಲ್ಲ. ಗಟ್ಟಿಯಾದ, ಜಾರದ ಸಮತಟ್ಟು ನೆಲ ಬೇಕು. ಆಟದ ಪಟ್ಟಿ 14 ಮೀಟರ್ ಉದ್ದ, 1.5ರಿಂದ 2 ಮೀಟರ್ ಅಗಲವಿರುತ್ತದೆ. ಬ್ಯಾಡ್ಮಿಂಟನ್ ಅಂಕಣದ ಉದ್ದ 13.4 ಮೀಟರ್ ಇರುವುದರಿಂದ ಅಭ್ಯಾಸಕ್ಕೆ ಅದು ಸಾಕಾಗುತ್ತದೆ.

ಒಬ್ಬರೇ ಆಡಲಾಗದಿರುವುದು ಉಳಿದೆಲ್ಲಕ್ಕಿಂತ ದೊಡ್ಡ ತೊಡಕು. ಬಿತ್ತನೆ ಮತ್ತು ಸುಗ್ಗಿಯ ದಿನಗಳಲ್ಲಿ ಗುಂಪು ಚದುರುತ್ತದೆ. ಸಂಜೆಯ ಅಭ್ಯಾಸ ತಡವಾದರೆ ಹಳ್ಳಿಯವರಿಗೆ ಊರಿಗೆ ಮರಳುವ ಬಸ್ಸಿನ ಚಿಂತೆ. ಹೀಗಾಗಿ ತರಬೇತುದಾರರು ವಾರಕ್ಕೊಮ್ಮೆ ಬಂದು ಕಲಿಸಿ, ಉಳಿದ ದಿನಗಳಲ್ಲಿ ಕಾಲಿನ ಚಲನೆಯನ್ನು ಮನೆಯಂಗಳದಲ್ಲೇ ರೂಢಿಸಿಕೊಳ್ಳುವ ಕ್ರಮ ಇಂತಹ ಊರುಗಳಿಗೆ ಹೆಚ್ಚು ಒಪ್ಪುತ್ತದೆ. ನಾಲ್ಕು ಜನರಿದ್ದರೂ ಅಭ್ಯಾಸ ಸಾಗುತ್ತದೆ: ಇಬ್ಬರು ಆಡುವಾಗ ಒಬ್ಬರು ತೀರ್ಪು ನೀಡುತ್ತಾರೆ, ಮತ್ತೊಬ್ಬರು ಅಂಕ ಬರೆಯುತ್ತಾರೆ.