ಸಾಲು ಎಂಬ ಘಟಕ: ಗ್ರೆಪ್, ಆಕ್ ಮತ್ತು ಕನಕದಾಸರ ಅಂಕಿತ

ಕೀರ್ತನೆಗಳ ಕರ್ತೃತ್ವವನ್ನು ನಿರ್ಣಯಿಸುವಾಗ ಅಂಕಿತವೇ ಮೊದಲ ಸಾಕ್ಷಿ. ಕನಕದಾಸರ ಕೀರ್ತನೆಗಳ ಗಣಕೀಕೃತ ಪಠ್ಯವೊಂದರಲ್ಲಿ ‘ಕಾಗಿನೆಲೆಯಾದಿಕೇಶವ’ ಎಂಬ ಅಂಕಿತವನ್ನು ಒಂದೇ ಸಾಲಿನ ಆದೇಶದಿಂದ ಎಣಿಸಲು ನಾವು ತೊಡಗಿದಾಗ ದೊರೆತ ಸಂಖ್ಯೆ, ಕಣ್ಣಿಗೆ ಕಾಣುತ್ತಿದ್ದ ಅಂಕಿತಗಳಿಗಿಂತ ತೀರ ಕಡಿಮೆಯಿತ್ತು. ಆದೇಶದಲ್ಲಿ ತಪ್ಪಿರಲಿಲ್ಲ. ಅದು ಪಠ್ಯವನ್ನು ಯಾವ ಘಟಕವಾಗಿ ಓದುತ್ತದೆ ಎಂಬುದನ್ನು ನಾವು ವಿಚಾರಿಸಿರಲಿಲ್ಲ. ಆ ಘಟಕಕ್ಕೆ, ಅಂದರೆ ಸಾಲಿಗೆ, ತನ್ನದೇ ಆದ ಇತಿಹಾಸವಿದೆ.

ಗ್ರೆಪ್ ಹುಟ್ಟಿದ್ದೂ ಕರ್ತೃತ್ವದ ಪ್ರಶ್ನೆಯಿಂದಲೇ ಎಂಬುದು ಕುತೂಹಲಕರ. 1787-88ರಲ್ಲಿ ‘ಪಬ್ಲಿಯಸ್’ ಎಂಬ ಕಾವ್ಯನಾಮದಲ್ಲಿ ಪ್ರಕಟವಾದ 85 ಫೆಡರಲಿಸ್ಟ್ ಪ್ರಬಂಧಗಳಲ್ಲಿ ಯಾವುದು ಹ್ಯಾಮಿಲ್ಟನ್‌ನದು, ಯಾವುದು ಮ್ಯಾಡಿಸನ್‌ನದು ಎಂದು ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹೊನ್ ಪರಿಶೀಲಿಸುತ್ತಿದ್ದರು. ಆ ಪಠ್ಯ ಅಂದಿನ ‘ಇಡಿ’ ಎಂಬ ಸಂಪಾದಕಕ್ಕೆ ಹಿಡಿಸದಷ್ಟು ದೊಡ್ಡದಾಗಿತ್ತು. ಸಂಪಾದಕದೊಳಗಿನ ಹುಡುಕಾಟದ ಭಾಗವನ್ನಷ್ಟೇ ಬೇರ್ಪಡಿಸಿ ಕೆನ್ ಥಾಂಪ್ಸನ್ ರೂಪಿಸಿದ ಉಪಕರಣವೇ ಗ್ರೆಪ್. 1973ರ ಯೂನಿಕ್ಸ್ ಆವೃತ್ತಿಯಲ್ಲಿ ಅದು ಸೇರಿತು. ಒಂದು ಸಾಲನ್ನು ಓದುವುದು, ಪರೀಕ್ಷಿಸುವುದು, ಮರೆಯುವುದು, ಮುಂದಿನದಕ್ಕೆ ಹೋಗುವುದು: ಇದಿಷ್ಟೇ ಅದರ ಕಾರ್ಯವಿಧಾನ. ಮುಂದೆ ಮೆಕ್‌ಮಹೊನ್ನರೇ ಸೆಡ್ ಬರೆದರು. 1977ರಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಘನ್ ಸೇರಿ ಆಕ್ ರಚಿಸಿದರು. ಹೀಗೆ ಸಾಲು ಘಟಕವಾದದ್ದು ಯಂತ್ರದ ಸ್ಮೃತಿಯ ಅಭಾವದಿಂದ. ಭಾಷೆಯ ಸ್ವರೂಪಕ್ಕೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದಲ್ಲಿ ಸಾಲಿನ ಚರಿತ್ರೆ ಬೇರೆ. ಶಾಸನದಲ್ಲಿ ಕಲ್ಲಿನ ಅಗಲ ಮುಗಿದೆಡೆ ಸಾಲು ಮುಗಿಯುತ್ತದೆ, ಪದದ ನಡುವೆಯಾದರೂ ಸರಿ. ದಕ್ಷಿಣ ಭಾರತದ ಶಾಸನಗಳ 11ನೆಯ ಸಂಪುಟದಂತಹ ಮುಂಬಯಿ-ಕರ್ನಾಟಕ ಶಾಸನ ಸಂಕಲನಗಳು ಸಾಲಿನ ಅಂಕಿಯನ್ನು ಉಳಿಸಿಕೊಂಡದ್ದು ಕಲ್ಲಿಗೆ ನಿಷ್ಠವಾಗಿ. ತಾಳೆಗರಿಯಲ್ಲಿ ಪದ್ಯಪಾದಗಳು ಬೇರೆ ಬೇರೆ ಸಾಲಾಗಿ ನಿಲ್ಲದೆ ಒಂದೇ ಹರಿವಾಗಿ ಸಾಗುತ್ತವೆ. ಭಾಮಿನಿ ಷಟ್ಪದಿಯನ್ನು ಆರು ಸಾಲಾಗಿ ಮುರಿದು ನಿಲ್ಲಿಸಿದ್ದು ಮುದ್ರಣದ ಸಂಪಾದಕರು. 1, 2, 4, 5ನೆಯ ಪಾದಗಳಿಗೆ 14 ಮಾತ್ರೆ. 3 ಮತ್ತು 6ಕ್ಕೆ 23. ಮಾತ್ರೆ ತುಂಬಿದಲ್ಲಿ ಪಾದ ಮುಗಿಯುತ್ತದೆ. ಪದ ಮುಂದಿನ ಪಾದಕ್ಕೆ ದಾಟುತ್ತದೆ. ಕನಕದಾಸರ ‘ನಳಚರಿತ್ರೆ’, ‘ಹರಿಭಕ್ತಿಸಾರ’ಗಳು ಈ ಛಂದಸ್ಸಿನವು. ಹಾಗೆ ದಾಟಿದ ಪದ ಗ್ರೆಪ್‌ಗೆ ಇಲ್ಲವೇ ಇಲ್ಲ.

ಇದಕ್ಕೆ ಆಕ್‌ನಲ್ಲಿ ಪರಿಹಾರವಿದೆ. ಆಕ್‌ನ ಕಿರುಸೂತ್ರ ಎರಡು ಭಾಗಗಳದು: ಮೊದಲು ಲಕ್ಷಣ, ಆಮೇಲೆ ಆವರಣದೊಳಗೆ ಕ್ರಿಯೆ. ಲಕ್ಷಣ ಹೊಂದಿದ ದಾಖಲೆಗೆ ಮಾತ್ರ ಕ್ರಿಯೆ ನಡೆಯುತ್ತದೆ. ಲಕ್ಷಣವಿಲ್ಲದಿದ್ದರೆ ಎಲ್ಲಕ್ಕೂ ನಡೆಯುತ್ತದೆ. ಕ್ರಿಯೆಯಿಲ್ಲದಿದ್ದರೆ ಸಾಲು ಹಾಗೆಯೇ ಮುದ್ರಿತವಾಗುತ್ತದೆ. ಬರೆಯದೆ ಬಿಟ್ಟದ್ದೂ ಇಲ್ಲಿ ಅರ್ಥ ಕೊಡುವುದರಿಂದ, ಸುಮಾರು 1260ರ ಕೇಶಿರಾಜನ ‘ಶಬ್ದಮಣಿದರ್ಪಣ’ದ ಸೂತ್ರದಂತೆ ಇದನ್ನೂ ವೃತ್ತಿಯೊಡನೆಯೇ ಓದಬೇಕು. ದಾಖಲೆಯ ವಿಭಾಜಕವನ್ನು ಬರಿದಾಗಿಸಿದರೆ ಆಕ್ ಖಾಲಿ ಸಾಲುಗಳ ನಡುವಿನ ಇಡೀ ಪದ್ಯವನ್ನು ಒಂದು ದಾಖಲೆಯೆಂದು ಎಣಿಸುತ್ತದೆ. ಬಳಿಕ ಸಾಲುಮುರಿತಗಳನ್ನು ಅಳಿಸಿ ಹುಡುಕಬಹುದು. ಆದರೆ ಪದ ನಿಜವಾಗಿ ಮುಗಿದ ಕಡೆಯಲ್ಲೂ ಅಳಿಸಿದರೆ, ಒಂದು ಪದದ ಕೊನೆಯೂ ಮತ್ತೊಂದರ ಮೊದಲೂ ಬೆರೆತು ಇಲ್ಲದ ಪದ ಹುಟ್ಟುವ ಅಪಾಯವುಂಟು. ಈ ಅಪಾಯ ನಮಗೆ ಮೊದಲಿನದಕ್ಕಿಂತ ಹೆಚ್ಚು ಗಂಭೀರವೆನಿಸುತ್ತದೆ. ಬಿಟ್ಟುಹೋದದ್ದನ್ನು ಓದುಗ ಗುರುತಿಸಿಯಾನು, ಹುಸಿ ಪ್ರಯೋಗವನ್ನು ಗುರುತಿಸುವುದು ಕಷ್ಟ.

ಎರಡನೆಯ ತೊಡಕು ಅಕ್ಷರದ್ದು. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯನ್ನೇ ನೋಡೋಣ. ಕಾಂತೇಶನೆಂದು ಹೆಸರಾದ ಆಂಜನೇಯನ ಕ್ಷೇತ್ರವಿದು. ಕನಕದಾಸರು ಕೆಲಕಾಲ ಇಲ್ಲಿದ್ದರೆಂಬ ಪ್ರತೀತಿಯೂ ಉಂಟು. ಊರಿನ ಹೆಸರಲ್ಲಿ 7 ಅಕ್ಷರ. ಅನುಸ್ವಾರ ಮತ್ತು ಗುಡಿಸು ಬೇರೆ ಬೇರೆ ಸಂಕೇತಗಳಾದ್ದರಿಂದ ಯೂನಿಕೋಡ್‌ನಲ್ಲಿ 9 ಸಂಕೇತಬಿಂದು. 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 27 ಬೈಟು. ಹೆಸರಿನ ಉದ್ದವನ್ನು ಕೇಳಿದರೆ ಬೈಟುಗಳನ್ನಷ್ಟೇ ಬಲ್ಲ ಆಕ್ 27 ಎನ್ನುತ್ತದೆ, ಯೂನಿಕೋಡ್ ಬಲ್ಲದ್ದು 9 ಎನ್ನುತ್ತದೆ. ಕರ್ನಿಘನ್ನರು ತಮ್ಮ ಆಕ್‌ಗೆ ಯೂನಿಕೋಡ್ ಬೆಂಬಲ ಸೇರಿಸಿದ್ದೇ 2022ರಲ್ಲಿ. ಶಾಲೆಯ ಮಕ್ಕಳು ಹೇಳುವ 7ನ್ನು ಯಾವುದೂ ಹೇಳದು. ಹಾಗಾಗಿ ಉದ್ದವನ್ನೇ ನಂಬಿ ಮಾತ್ರೆ ಎಣಿಸುವುದು ಸಾಧ್ಯವಿಲ್ಲ.

ನಮ್ಮ ಎಣಿಕೆ ಕೆಟ್ಟಿದ್ದಕ್ಕೆ ಮುಖ್ಯ ಕಾರಣ ‘ಕೇ’. ಇದರ ಏತ್ವದೀರ್ಘವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಾಗದದ ಮೇಲೆ ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಹಳೆಯ ಫಾಂಟ್ ಸಂಕೇತಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಆ ಪಠ್ಯದಲ್ಲಿ ಎರಡೂ ಬೆರೆತಿದ್ದವು. ಮೊದಲು ಪಠ್ಯವನ್ನು ಏಕರೂಪಕ್ಕೆ ತಂದು ಮತ್ತೆ ಹುಡುಕಿದಾಗ ಸಂಖ್ಯೆ ಏರಿತು. ಯಕಾರಾಗಮವಿಲ್ಲದೆ ‘ಕಾಗಿನೆಲೆ ಆದಿಕೇಶವ’ ಎಂದು ಬಿಡಿಸಿ ಬರೆದವು ಆಗಲೂ ಹೊರಗುಳಿದವು. ಸಂಧಿಯನ್ನು ವಿಕಲ್ಪವಾಗಿ ಒಪ್ಪುವಂತೆ ಲಕ್ಷಣವನ್ನು ತಿದ್ದಬೇಕಾಯಿತು.

ಈಗ ನಾವು ಅಂಕಿತ ದೊರೆತ ದಾಖಲೆಗಳ ಜೊತೆಗೆ ದೊರೆಯದವನ್ನೂ ಮುದ್ರಿಸುತ್ತೇವೆ. ಗ್ರೆಪ್‌ನಲ್ಲಿ ಲಕ್ಷಣ ಹೊಂದದ ಸಾಲುಗಳನ್ನಷ್ಟೇ ತೋರುವ ಸೌಲಭ್ಯವಿದೆ, ಆಕ್‌ನಲ್ಲಿ ನಿಷೇಧಚಿಹ್ನೆ ಸಾಕು. ಇಡೀ ಕೀರ್ತನೆಯನ್ನು ಒಂದು ದಾಖಲೆಯಾಗಿಸಿ, ಅಂಕಿತ ಕಾಣದವನ್ನು ಪ್ರತ್ಯೇಕಿಸಿ, ಅವುಗಳ ಕೊನೆಯ ಚರಣವನ್ನು ಕಣ್ಣಾರೆ ಓದುತ್ತೇವೆ. ಅಂಕಿತವಿಲ್ಲದ ಕೀರ್ತನೆ ಯಾವುದು, ಅಂಕಿತವಿದ್ದೂ ಸಂಕೇತದ ದೋಷದಿಂದ ಮರೆಯಾದದ್ದು ಯಾವುದು ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.