ಕಪಿಲೆಯ ಸೀಮೆ: ಹೊಲವೂ ಗಣಿಯೂ

ತಿರುಮಕೂಡಲು ನರಸೀಪುರದ ಬಳಿಯ ಮೂಗೂರಿನ ಹೆಸರೆತ್ತಿದೊಡನೆ ತ್ರಿಪುರಸುಂದರಿಯ ಜಾತ್ರೆಯನ್ನೂ, ಈ ಊರು ಮೈಸೂರು ಸಂಸ್ಥಾನಕ್ಕೆ ಇತ್ತ ನಾಟ್ಯಪರಂಪರೆಯನ್ನೂ ಆದರದಿಂದ ಸ್ಮರಿಸುವ ನಮ್ಮ ಇತಿಹಾಸಜ್ಞರು, ಈ ಸೀಮೆಯ ಜನ ಏನನ್ನು ಬೆಳೆದು, ಏನನ್ನು ಅಗೆದು, ತಮ್ಮ ಹೊಳೆಯ ನೀರನ್ನು ಯಾವ ಯಾವ ಕಾರ್ಯಗಳಿಗೆ ಬಿಟ್ಟುಕೊಟ್ಟು ಬಾಳಿದರೆಂಬ ವಿಷಯದಲ್ಲಿ ಮಿತಭಾಷಿಗಳಾಗಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಇಲ್ಲಿಯ ಜನವಸತಿ ಅತಿ ಪ್ರಾಚೀನವಾದುದು. ಕಪಿಲೆಯೂ ಕಾವೇರಿಯೂ ಕೂಡುವ ತಿರುಮಕೂಡಲಿನ ಬಳಿ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಕುರುಹುಗಳು ದೊರೆತಿವೆ. ಮುಂದಿನವರು ಕಪಿಲೆಗೆ ಹುಲ್ಲಹಳ್ಳಿಯಲ್ಲಿಯೂ, ಕಾವೇರಿಗೆ ತಲಕಾಡಿನ ಸಮೀಪ ಮಾಧವಮಂತ್ರಿಯ ಹೆಸರಿನಲ್ಲಿಯೂ ಅಣೆಕಟ್ಟುಗಳನ್ನು ಕಟ್ಟಿ ಗದ್ದೆಗಳಿಗೆ ನೀರು ತಿರುಗಿಸಿದರು. ನೀರು ಹತ್ತದ ಹೊಲಗಳಲ್ಲಿ ರಾಗಿ, ಜೋಳ. ಟಿಪ್ಪುವಿನ ಕಾಲದಿಂದೀಚೆಗೆ ಮೈಸೂರು ಸೀಮೆಯಲ್ಲಿ ಹಬ್ಬಿದ ಹಿಪ್ಪುನೇರಳೆ. ಅದರ ಸೊಪ್ಪೇ ರೇಷ್ಮೆಹುಳುವಿನ ಮೇವು. ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯ್ದು, ಮೈ ತಿಳಿಯಾಗಿ ಹಣ್ಣಾಗುತ್ತಲೇ, ಮನೆಮಂದಿಯೆಲ್ಲ ಕುಳಿತು ಒಂದೊಂದನ್ನೂ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡಮಾಡಿದರೆ ನೂಲೆಲ್ಲ ತಟ್ಟೆಯ ಕಸದಲ್ಲಿಯೇ ವ್ಯರ್ಥವಾಗುತ್ತದೆ. ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೊಂದು ತಿರುಮಕೂಡಲು ನರಸೀಪುರದಲ್ಲಿಯೇ ನೆಲೆಗೊಂಡುದು ಆಕಸ್ಮಿಕವಲ್ಲ.

ನೆಲದ ಮೇಲಿನ ಸಂಪತ್ತು ಇಂತಿರಲು, ನೆಲದೊಳಗಿನದನ್ನು ಅರಸಿದವರು ತಡವಾಗಿ ಬಂದರು. 1894ರಲ್ಲಿ ಬ್ರೂಸ್ ಫುಟ್ ಅವರ ನೇತೃತ್ವದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪಿತವಾದ ತರುವಾಯ ಸಂಸ್ಥಾನದ ಶಿಲೆಗಳು ಕ್ರಮಬದ್ಧವಾದ ಪರೀಕ್ಷೆಗೆ ಒಳಗಾದವು. ಮೈಸೂರು-ನಂಜನಗೂಡು ಸೀಮೆಯ ಸಿಂಧುವಳ್ಳಿಯಲ್ಲಿ ಕ್ರೋಮೈಟು, ದೊಡ್ಡಕಾನ್ಯ ದೊಡ್ಡಕಾಟೂರುಗಳಲ್ಲಿ ಮ್ಯಾಗ್ನೆಸೈಟು ಗಣಿಗಳಾದವು. ಹಸುರುಗಪ್ಪು ಬಂಡೆಯ ಬಿರುಕುಗಳಲ್ಲಿ ನರಗಳಂತೆ ಕವಲೊಡೆದು ಹಬ್ಬಿದ ಮ್ಯಾಗ್ನೆಸೈಟಿನ ಬಿಳಿಯ ಕಲ್ಲನ್ನು ಸುಟ್ಟು ಮಾಡಿದ ಇಟ್ಟಿಗೆ ಉಕ್ಕಿನ ಕುಲುಮೆಯ ಉರಿಯನ್ನು ತಾಳಬಲ್ಲುದು.

ಆದರೆ ಈ ಸೀಮೆಗೂ ಗಣಿಗಾರಿಕೆಗೂ ಇದ್ದ ಅತ್ಯಂತ ಮಹತ್ತ್ವದ ಸಂಬಂಧ ಹೊಳೆಯದು. ತಿರುಮಕೂಡಲಿನಲ್ಲಿ ಸಂಗಮಿಸಿದ ನೀರು ತಲಕಾಡನ್ನು ಬಳಸಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಅಲ್ಲಿಯ ವಿದ್ಯುದಾಗಾರದಿಂದ 1902ರಲ್ಲಿ ಸುಮಾರು 92 ಮೈಲಿ ತಂತಿಯ ಮೂಲಕ ಹರಿದ ಶಕ್ತಿ ಮೊದಲು ಸೇರಿದುದು ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಹೊಳೆದಂಡೆಯ ಎಷ್ಟೋ ಹಳ್ಳಿಗಳಿಗೆ ಬಂದುದು ದಶಕಗಳ ಅನಂತರ. ತಮ್ಮ ಗದ್ದೆಯ ಬದಿಯಲ್ಲಿ ಹರಿದುಹೋದ ನೀರು ದೂರದ ಪಾತಾಳದಲ್ಲಿ ಹೊನ್ನನ್ನು ಮೇಲೆತ್ತಲು ನೆರವಾದುದನ್ನು ಈ ರೈತರ ಕೊಡುಗೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬೇಸಗೆಯಲ್ಲಿ ಹೊಳೆ ಬತ್ತಿದರೂ ಗಣಿಯ ಯಂತ್ರಗಳು ನಿಲ್ಲಬಾರದೆಂಬ ಅಗತ್ಯವೇ 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಮುಖ್ಯ ಕಾರಣಗಳಲ್ಲೊಂದು. ಅದರಿಂದ ಮಂಡ್ಯದ ಬಯಲು ಹಸುರಾಯಿತು. ಕಪಿಲೆಗೆ ಅಂಥ ಭಾಗ್ಯ ಒದಗಿದುದು ಬೀಚನಹಳ್ಳಿಯ ಜಲಾಶಯ 1974ರಲ್ಲಿ ಪೂರ್ಣಗೊಂಡ ಮೇಲೆ. ಅದರ ಬಲದಂಡೆ ನಾಲೆ ನಂಜನಗೂಡು, ನರಸೀಪುರ ಸೀಮೆಗಳಿಗೆ ನೀರು ತಂದಾಗ, ತಲೆತಲಾಂತರದಿಂದ ರಾಗಿ ಬಿತ್ತಿದ ಹೊಲಗಳಲ್ಲಿ ರೈತರು ಬದು ಕಟ್ಟಿ ಭತ್ತ ನಾಟಿಮಾಡಿದರು.